ಇಂಜೆಕ್ಷನ್ ಕೊಡದ ಡಾಕ್ಟರ್

ಅಂಚೆಪೆಟ್ಟಿಗೆಯ ಮೇಲೆ ನನ್ನ ಹೆಸರಿನ ಮುಂದೆ 'ಡಾ.' ಎಂದಿರುವುದನ್ನು ಓದಿದ ಮಗಳು, "ಅಪ್ಪಾ, ನೀನು ಡಾಕ್ಟರಾದ್ರೆ ಇಂಜೆಕ್ಷನ್ ಯಾಕೆ ಕೊಡಲ್ಲ?" ಎಂದು ಕೇಳಿದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಪಿಎಚ್.ಡಿ. ಮಾಡಿದ್ದು ಸ್ಟುಟ್‌ಗಾರ್ಟ್ ಸಮೀಪದ ಒಂದು ಕಂಪನಿಯಲ್ಲಿ. ಜರ್ಮನಿಯಲ್ಲಿ ಇದು ಸಾಮಾನ್ಯ. ಸಂಬಳ, ಪ್ರಯೋಗಾಲಯ ಕಂಪನಿಯದು. ಪದವಿ ಕೊಡುವುದು ವಿಶ್ವವಿದ್ಯಾಲಯ. ಮಾರ್ಗದರ್ಶಕರನ್ನು ಇಲ್ಲಿ 'ಡಾಕ್ಟರ್‌ಫಾಟರ್', ಎಂದರೆ 'ಡಾಕ್ಟರ್ ತಂದೆ' ಎನ್ನುತ್ತಾರೆ.

ನನ್ನ ವಿಷಯ, ಚಲನೆಯನ್ನು ಗುರುತಿಸುವ ಸೂಕ್ಷ್ಮ ಸೆನ್ಸರ್‌ಗಳು. ಸಿಲಿಕಾನ್‌ನಲ್ಲಿ ಕೊರೆದ ಪುಟ್ಟ ಉಯ್ಯಾಲೆಯೊಂದನ್ನು ಊಹಿಸಿಕೊಳ್ಳಿ. ಅದರ ಅಂಚಿಗೆ ಬಾಚಣಿಗೆಯಂಥ ಹಲ್ಲುಗಳು. ಎದುರಿಗೆ ಅಲುಗಾಡದ ಇನ್ನೊಂದು ಬಾಚಣಿಗೆ. ನಡುವಿನ ಸಂದು ಕೆಲವೇ ಮೈಕ್ರೋಮೀಟರ್. ನಮ್ಮ ತಲೆಗೂದಲೇ ಸುಮಾರು 70 ಮೈಕ್ರೋಮೀಟರ್ ದಪ್ಪ! ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ವಾಲುವಂತೆ ಈ ಉಯ್ಯಾಲೆಯೂ ವಾಲುತ್ತದೆ. ಸಂದು ಬದಲಾದರೆ ವಿದ್ಯುತ್ ಸಂಕೇತವೂ ಬದಲಾಗುತ್ತದೆ. ಇಂಥ ಆಳವಾದ ಸಂದುಗಳನ್ನು ನೆಟ್ಟಗೆ ಕೊರೆಯುವ ವಿಧಾನ ಕಂಡುಹಿಡಿದ ಬಾಷ್ ಕಂಪನಿಯ ಫ್ರಾನ್ಸ್ ಲೇರ್ಮರ್ ಮತ್ತು ಆಂದ್ರೆಯಾ ಉರ್ಬಾನ್ ಅವರಿಗೆ 2007ರಲ್ಲಿ ಯುರೋಪಿನ ಆವಿಷ್ಕಾರಕ ಪ್ರಶಸ್ತಿ ಬಂತು.

1997ರಲ್ಲಿ ಸ್ವೀಡನ್ನಿನ ಒಂದು ಪರೀಕ್ಷೆಯಲ್ಲಿ ಮರ್ಸಿಡಿಸ್ ಎ-ಕ್ಲಾಸ್ ಕಾರು ಮಗುಚಿತು. ನಂತರ ಆ ಕಾರುಗಳಿಗೆಲ್ಲ ಜಾರುವಿಕೆ ತಡೆಯುವ ಇಎಸ್‌ಪಿ ಅಳವಡಿಸಲಾಯಿತು. 2014ರ ನವೆಂಬರ್‌ನಿಂದ ಯುರೋಪಿನ ಹೊಸ ಕಾರುಗಳಿಗೆ ಅದು ಕಡ್ಡಾಯ. ಈಗ ಕಾರು ಜಾರುತ್ತಿದೆ ಎಂದು ಅದಕ್ಕೆ ತಿಳಿಸುವುದು ಇಂಥ ಸೆನ್ಸರ್. ಅದು ಸುಳ್ಳು ಹೇಳಿದರೆ ಕಾರಿನಲ್ಲಿ ಕುಳಿತವರ ಗತಿ?

ಆದ್ದರಿಂದ ಪರೀಕ್ಷೆ ಬೇಕೇ ಬೇಕು. ಒಂದೊಂದನ್ನೂ ಅಲುಗಾಡಿಸಿ, ಬಿಸಿ ಮಾಡಿ, ತಣ್ಣಗೆ ಮಾಡಿ ನೋಡಲು ಸಮಯ, ಹಣ ಎರಡೂ ಖರ್ಚು. ಸೂಜಿ ತಾಗಿಸಿ, ವಿದ್ಯುತ್ತಿನಿಂದಲೇ ಉಯ್ಯಾಲೆಯನ್ನು ತೂಗಿ ದೋಷ ಹಿಡಿಯಬಹುದೇ? ಇದೇ ನನ್ನ ಪ್ರಶ್ನೆ.

ಎರಡನೇ ವರ್ಷ ನನ್ನ ಅಳತೆ ಲೆಕ್ಕಕ್ಕೆ ಸರಿಯಾಗಿ ಹೊಂದಿತು. ಹಿಗ್ಗಿನಿಂದ ಡಾಕ್ಟರ್‌ಫಾಟರ್ ಅವರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಮಾತು: "ಉಯ್ಯಾಲೆ ಇಲ್ಲದ ಜಾಗದಲ್ಲಿ ಅಳೆದು ನೋಡಿದಿರಾ?"

ನೋಡಿರಲಿಲ್ಲ. ಮರುದಿನ ಖಾಲಿ ಜಾಗದ ಮೇಲೆ ಸೂಜಿ ಇಟ್ಟೆ. ಹೆಚ್ಚುಕಡಿಮೆ ಅದೇ ಸಂಕೇತ ಬಂತು! ಎಂಟು ತಿಂಗಳು ನಾನು ಅಳೆದದ್ದು ಉಯ್ಯಾಲೆಯನ್ನಲ್ಲ, ನನ್ನದೇ ಸೂಜಿ ಮತ್ತು ಕೇಬಲ್‌ಗಳನ್ನು. ಆ ರಾತ್ರಿ ಊರಿಗೆ ಫೋನ್ ಮಾಡಿ, "ವಾಪಸ್ ಬಂದುಬಿಡ್ತೀನಮ್ಮ" ಎಂದೆ. ಅಮ್ಮ, "ಮೊದಲು ಊಟ ಮಾಡು, ಆಮೇಲೆ ನೋಡೋಣ" ಎಂದರು.

ಊಟ ಮಾಡಿದೆ. ಮತ್ತೆ ಮೊದಲಿನಿಂದ ಶುರು ಮಾಡಿದೆ. ಪ್ರತಿ ಸಲವೂ ಮೊದಲು ಖಾಲಿ ಜಾಗ ಅಳೆದು, ಅದನ್ನು ಕಳೆದು, ಉಳಿದದ್ದನ್ನಷ್ಟೇ ನಂಬಿದೆ. ಒಂದು ವರ್ಷ ಹೆಚ್ಚು ಹಿಡಿಯಿತು.

ಮಕ್ಕಳೇ, ಉತ್ತರ ಸರಿಬಂದ ದಿನವೇ ಇನ್ನೊಮ್ಮೆ ಲೆಕ್ಕ ನೋಡಿ.

ಎಲ್ಲ ಕೇಳಿದ ಮಗಳು, "ಅಂದ್ರೆ ನೀನೂ ಸೂಜಿ ಚುಚ್ಚೋ ಡಾಕ್ಟರೇ!" ಎಂದು ನಕ್ಕಳು.