ಕೆರೆಯೂ ಬೊಕ್ಕಸವೂ

ತುಮಕೂರಿನಿಂದ ಶಿರಾಕ್ಕೆ ಹೋಗುವ ದಾರಿಯಲ್ಲಿ, ಶಿರಾ ಪಟ್ಟಣವು ಇನ್ನೂ ಕೆಲವು ಮೈಲಿಗಳ ದೂರದಲ್ಲಿರುವಾಗಲೇ ಕಳ್ಳಂಬೆಳ್ಳವೆಂಬ ಗ್ರಾಮವು ಸಿಕ್ಕುವುದು. ಅದು ಹೋಬಳಿಯ ಕಸಬೆ. ಸುತ್ತಣ ಸೀಮೆಯು ಮಳೆಗೆ ಬಡವಾದುದು. ಊರಿನ ಹೆಸರನ್ನು ಜನರ ಬಾಯಲ್ಲಿ ನಿಲ್ಲಿಸಿರುವುದು ಅಲ್ಲಿಯ ದೊಡ್ಡ ಕೆರೆ. ದಾರಿಹೋಕನು ಏರಿಯ ಮೇಲೆ ನಿಂತರೆ ಅವನ ಕಣ್ಣಿಗೆ ಬೀಳುವುದು ನೀರು. ಸಂಜೆಯ ಬೆಳಕು ಅದರ ಮೇಲೆ ಬಿದ್ದಿದ್ದರೆ ಅವನು ಸಂತೋಷಪಟ್ಟು ಮುಂದೆ ನಡೆಯುವನು. ಆದರೆ ಕೆರೆಯ ಕೆಳಗೆ ಗದ್ದೆಯುಳ್ಳ ರೈತನು ನೋಡುವುದು ನೀರನ್ನಲ್ಲ, ತೂಬನ್ನು. ಕೆರೆ ತುಂಬಿದ ವರ್ಷವೂ ಕಾಲುವೆಯ ಕೊನೆಯ ಗದ್ದೆಯು ಒಣಗಿರಬಹುದೆಂಬುದನ್ನು ಅವನು ಬಲ್ಲನು. ತೂಬನ್ನು ಯಾರು ಎತ್ತುವರು, ಎಷ್ಟು ಹೊತ್ತು ಎತ್ತುವರು, ನೀರಗಂಟಿಯು ಯಾರ ಮಾತಿಗೆ ಕಿವಿಗೊಡುವನು, ಇವೇ ಅವನ ಪ್ರಶ್ನೆಗಳು.

ರಾಜ್ಯದ ಬೊಕ್ಕಸವೂ ಒಂದು ಕೆರೆಯೇ. ನೂರಾರು ಹಳ್ಳಗಳ ನೀರು ಹರಿದು ಬಂದು ಒಂದೆಡೆ ನಿಲ್ಲುವಂತೆ, ಲಕ್ಷಾಂತರ ಕೈಗಳ ಕಾಸು ಬಂದು ಅಲ್ಲಿ ಸೇರುವುದು. ಹೊಸದಾಗಿ ತಲೆಯೆತ್ತಿದ ಜನಾಂಗವೊಂದು ತನ್ನ ಬೊಕ್ಕಸವನ್ನು ಕಟ್ಟಿಕೊಳ್ಳುವ ಬಗೆ ಯಾವುದೆಂದು ಕೇಳಿದರೆ, ಪಂಡಿತರು ತೆರಿಗೆ, ಸಾಲ, ವೆಚ್ಚವೆಂದು ದೊಡ್ಡ ಗ್ರಂಥಗಳನ್ನು ತೆರೆಯುವರು. ಅವೆಲ್ಲ ಬೇಕಾದುವೇ. ಆದರೆ ಕಳ್ಳಂಬೆಳ್ಳದ ರೈತನ ಪ್ರಶ್ನೆಯು ಅವೆಲ್ಲಕ್ಕಿಂತ ಮೊದಲಿನದು: ತೂಬಿನ ಬಳಿ ನಿಂತವನು ಯಾರಿಗೆ ಉತ್ತರ ಹೇಳಬೇಕು? ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಕಂಡುಕೊಳ್ಳುವುದಕ್ಕೆ ಈ ನಾಡಿಗೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಹಿಡಿಯಿತು.

ಮೊಗಲರು ಹದಿನೇಳನೆಯ ಶತಮಾನದ ಕೊನೆಯಲ್ಲಿ ಶಿರಾವನ್ನು ಒಂದು ಸುಬೆಯ ರಾಜಧಾನಿಯನ್ನಾಗಿ ಮಾಡಿದರು. ಏಳು ಪರಗಣೆಗಳು ಅದಕ್ಕೆ ಸೇರಿದ್ದುವು. ಚಿತ್ರದುರ್ಗ, ಹರಪನಹಳ್ಳಿ ಮೊದಲಾದ ಸಂಸ್ಥಾನಗಳು ಅದಕ್ಕೆ ಪೊಗದಿಯನ್ನು ಸಲ್ಲಿಸಬೇಕಾಗಿದ್ದಿತು. ದೇಶಮುಖ, ದೇಶಪಾಂಡೆ, ಮಜುಮದಾರ, ಕಾನೂಗೋ ಎಂಬ ಅಧಿಕಾರಿಗಳು ಲೆಕ್ಕವನ್ನು ಬರೆದರು. ಲೆಕ್ಕವಿರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಲೆಕ್ಕವು ಮೇಲಕ್ಕೆ ಹೋಗುತ್ತಿದ್ದಿತು. ಕೆಳಕ್ಕೆ ಇಳಿದು ಬರುತ್ತಿರಲಿಲ್ಲ. ತನ್ನ ಹಣವು ಏನಾಯಿತೆಂದು ಕೇಳುವುದು ಕೊಟ್ಟವನ ಪಾಲಿಗೆ ಬಂದ ಹಕ್ಕಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರನೆಂಬ ಗಾದೆಯು ಇಂತಹ ಕಾಲಗಳಿಗೆ ಚೆನ್ನಾಗಿ ಒಪ್ಪುವುದು.

೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಮೈಸೂರು ಮತ್ತೆ ಒಡೆಯರ ವಂಶಕ್ಕೆ ಬಂದಿತು. ಹೊಸ ರಾಜ್ಯದ ಬೊಕ್ಕಸಕ್ಕೆ ಹುಟ್ಟಿದಂದೇ ಒಂದು ಹೊರೆ ಬಿದ್ದಿತು: ವರ್ಷಕ್ಕೆ ಏಳು ಲಕ್ಷ ವರಹಗಳು, ಎಂದರೆ ೨೪ ½ ಲಕ್ಷ ರೂಪಾಯಿಗಳನ್ನು ಕುಂಪಣಿಗೆ ಪೊಗದಿಯಾಗಿ ಸಲ್ಲಿಸಬೇಕು. ದಿವಾನ್ ಪೂರ್ಣಯ್ಯನವರು ಇದನ್ನು ಸಲ್ಲಿಸಿಯೂ ೧೮೧೧ರಲ್ಲಿ ಅಧಿಕಾರವನ್ನು ಬಿಡುವಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮೀರಿ ಉಳಿಸಿದ್ದರೆಂದು ಇತಿಹಾಸವು ಹೇಳುವುದು. ಕೆರೆಯು ಕೋಡಿಯವರೆಗೆ ತುಂಬಿದ್ದಿತು. ಆದರೆ ಇಪ್ಪತ್ತು ವರ್ಷಗಳಲ್ಲಿ ಅದು ಬತ್ತಿತು. ಒಬ್ಬ ಸಮರ್ಥನ ಜಾಣ್ಮೆಯಿಂದ ತುಂಬಿದ ಬೊಕ್ಕಸವು ಅವನ ಕಾಲಕ್ಕೇ ಮುಗಿಯುವುದು. ಏರಿಯನ್ನು ಕಾಯುವ ಕಟ್ಟಳೆಯಿಲ್ಲದಿದ್ದರೆ ನೀರು ನಿಲ್ಲುವುದೆಂತು?

ಬತ್ತಿದ ಬೊಕ್ಕಸವನ್ನು ತುಂಬಲು ಕಂಡುಹಿಡಿದ ಉಪಾಯವೇ ಷರತ್ತು. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಂತಿಷ್ಟು ಹಣವನ್ನು ಎತ್ತಿಕೊಡುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನು ತುಂಬಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ ಸಲ್ಲಿಸಬೇಕು. ಕಾಗದದ ಮೇಲೆ ಇದಕ್ಕಿಂತ ಅಚ್ಚುಕಟ್ಟಾದ ವ್ಯವಸ್ಥೆಯಿಲ್ಲ. ಬೊಕ್ಕಸಕ್ಕೆ ನಷ್ಟವೆಂಬುದೇ ಇಲ್ಲ. ಆದರೆ ಮಳೆಯು ಮುಚ್ಚಳಿಕೆ ಬರೆದುಕೊಟ್ಟಿರಲಿಲ್ಲ. ಮಳೆ ತಪ್ಪಿದ ವರ್ಷ ಅಮಲ್ದಾರನು ತನ್ನ ಕೈಯಿಂದ ತುಂಬುವನೆಂದು ಯಾರೂ ನಂಬಿರಲಾರರು. ಕೊರತೆಯು ಅಮಲ್ದಾರನಿಂದ ಶೇಕದಾರನಿಗೆ, ಶೇಕದಾರನಿಂದ ಪಟೇಲನಿಗೆ, ಪಟೇಲನಿಂದ ರೈತನಿಗೆ ಇಳಿಯುವುದು. ರೈತನಿಂದ ಕೆಳಕ್ಕೆ ಇಳಿಯಲು ಇನ್ನು ಮೆಟ್ಟಿಲಿಲ್ಲ. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತು. ೧೮೩೦ರಲ್ಲಿ ನಗರದ ಸೀಮೆಯ ರೈತರು ಎದ್ದರು. ೧೮೩೧ರಲ್ಲಿ ರಾಜ್ಯದ ಆಡಳಿತವು ಅರಸರ ಕೈಬಿಟ್ಟು ಕಮಿಷನರುಗಳ ವಶವಾಯಿತು. ಬೊಕ್ಕಸವು ಕೆಟ್ಟರೆ ರಾಜ್ಯವೇ ಕೈತಪ್ಪುವುದೆಂಬ ಪಾಠವನ್ನು ಈ ನಾಡು ಪುಸ್ತಕದಿಂದ ಕಲಿಯಲಿಲ್ಲ.

೧೮೩೪ರಿಂದ ೧೮೬೧ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಹಳೆಯ ಕಡತಗಳನ್ನು ತೆಗೆಸಿ ನೋಡಿದಾಗ ಕಂಡ ತೆರಿಗೆಗಳ ಪಟ್ಟಿಯು ಇಂದಿನ ವಾಚಕನಿಗೆ ನಗೆಯನ್ನೂ ನಿಟ್ಟುಸಿರನ್ನೂ ಒಟ್ಟಿಗೆ ತರಿಸುವುದು. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆಗೂದಲು ತೆಗೆಸಿದರೆ ತೆರಿಗೆ, ಮನೆಯಲ್ಲಿ ಸಾವಾದರೆ ತೆರಿಗೆ, ಸಾವಿನ ಸೂತಕವನ್ನು ಕಳೆದುಕೊಂಡರೆ ಮತ್ತೊಂದು ತೆರಿಗೆ. ಒಂದು ಊರಿನವರು, ತಮ್ಮ ಹಿಂದಿನವರು ಪಾಳೆಯಗಾರನೊಬ್ಬನ ತಪ್ಪಿಸಿಕೊಂಡ ಕುದುರೆಯನ್ನು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತೆರುತ್ತಲೇ ಇದ್ದರು. ನಗರದಲ್ಲಿ ಒಂದು ಎಡೆಯನ್ನು ಕೈಗಳನ್ನು ಮೈಗೆ ಒತ್ತಿಕೊಳ್ಳದೆ ದಾಟಿದವನೂ ತೆರಬೇಕಾಗಿದ್ದಿತು. ಕುದುರೆ ಸತ್ತು, ಪಾಳೆಯಗಾರ ಸತ್ತು, ಅವನ ಪಾಳೆಯಪಟ್ಟೂ ಅಳಿದಿದ್ದರೂ ತೆರಿಗೆಯೊಂದು ಮಾತ್ರ ಅಮರವಾಗಿ ಸರ್ಕಾರದ ಕಡತದಲ್ಲಿ ಉಳಿದಿದ್ದಿತು. ಇಂತಹ ೭೬೯ ಬಾಬುಗಳನ್ನು ಕಬ್ಬನ್ನರು ಹೊಡೆದುಹಾಕಿದರು. ಬೊಕ್ಕಸವು ಅದರಿಂದ ಬಿಟ್ಟುಕೊಟ್ಟದ್ದು ವರ್ಷಕ್ಕೆ ಹತ್ತು ಲಕ್ಷ ರೂಪಾಯಿಗಳಿಗೂ ಹೆಚ್ಚು. ಬೆಳೆಯನ್ನು ಪಾಲು ಮಾಡುವ ಬಟಾಯಿಯನ್ನು ತಗ್ಗಿಸಿ, ಕಂದಾಯವನ್ನು ಸುಗ್ಗಿಗೆ ಹೊಂದುವ ಐದು ಕಿಸ್ತುಗಳಲ್ಲಿ ಸಲ್ಲಿಸುವಂತೆ ಮಾಡಿದರು. ೧೮೬೩ರಿಂದ ಆರಂಭವಾದ ಭೂಮಾಪನವು ಮೂವತ್ತು ವರ್ಷಗಳ ಕಾಲ ಕಂದಾಯವು ಏರದೆಂಬ ಭರವಸೆಯನ್ನು ತಂದಿತು. ಕೊಡಬೇಕಾದುದು ಎಷ್ಟೆಂದು ಕೊಡುವವನಿಗೆ ಮುಂಚಿತವಾಗಿ ತಿಳಿದಿರುವುದೇ ಬೊಕ್ಕಸದ ಮೊದಲನೆಯ ಧರ್ಮವೆಂಬುದು ಹೀಗೆ ಸ್ಥಿರವಾಯಿತು. ಆದರೂ ಇದು ಕೆರೆಯ ಒಳಹರಿವಿನ ಸುಧಾರಣೆ. ತೂಬಿನ ಬಳಿ ರೈತನಿಗೆ ಇನ್ನೂ ಸ್ಥಳವಿರಲಿಲ್ಲ.

ಅನಂತರ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವು ಬಂದಿತು. ೧೮೭೧ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆಯು ೧೮೮೧ರಲ್ಲಿ ನಲವತ್ತೆರಡು ಲಕ್ಷವನ್ನೂ ಮುಟ್ಟಲಿಲ್ಲ. ಈ ಅಂಕಿಗಳ ಹಿಂದೆ ಎಷ್ಟು ಒಲೆಗಳು ಆರಿದುವೆಂಬುದನ್ನು ಯಾವ ಲೆಕ್ಕದ ಪುಸ್ತಕವೂ ಹೇಳದು. ಕೂಡಿಟ್ಟ ಹಣವೆಲ್ಲ ಕರಗಿ, ರಾಜ್ಯದ ಮೇಲೆ ೮೦ ಲಕ್ಷ ರೂಪಾಯಿಗಳ ಸಾಲವು ನಿಂತಿತು. ಸತ್ತವರ ಹಸಿವಿಗಾಗಿ ಮಾಡಿದ ಸಾಲವನ್ನು ಬದುಕುಳಿದವರು ತೀರಿಸಬೇಕಾಯಿತು. ವರ್ಷಕ್ಕೆ ಒಂದು ಕೋಟಿ ರೂಪಾಯಿಗಳ ಆಸುಪಾಸಿನ ಆದಾಯವುಳ್ಳ ರಾಜ್ಯಕ್ಕೆ ಇದು ಸಣ್ಣ ಹೊರೆಯಲ್ಲ.

ಇಂತಹ ಬರಿಗೈಯ ಸ್ಥಿತಿಯಲ್ಲಿಯೇ ೧೮೮೧ರ ಮಾರ್ಚಿ ೨೫ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿತು. ಪೊಗದಿಯನ್ನು ೩೫ ಲಕ್ಷಕ್ಕೆ ಏರಿಸಬೇಕೆಂಬ ನಿಬಂಧನೆಯೂ ಜೊತೆಗೆ ಬಂದಿತು. ಕ್ಷಾಮದ ಸಾಲವನ್ನು ನೋಡಿ ಆ ಏರಿಕೆಯನ್ನು ೧೮೯೬ರವರೆಗೆ ಮುಂದೂಡಲಾಯಿತು. ಆಗಿನ ದಿವಾನರು ರಂಗಾಚಾರ್ಲು. ವೆಚ್ಚವನ್ನು ಕತ್ತರಿಸುವುದು, ಇಲಾಖೆಗಳನ್ನು ಕೂಡಿಸುವುದು ಮುಂತಾದ ಕೆಲಸಗಳನ್ನು ಯಾವ ಜಾಣ ದಿವಾನನಾದರೂ ಮಾಡುತ್ತಿದ್ದನು, ಅವರೂ ಮಾಡಿದರು. ಆದರೆ ಅದೇ ವರ್ಷ ಅಕ್ಟೋಬರ್ ೭ರಂದು, ದಸರೆಯ ಸಮಯದಲ್ಲಿ, ಅವರು ಮತ್ತೊಂದನ್ನು ಮಾಡಿದರು. ತಾಲ್ಲೂಕುಗಳಿಂದ ರೈತರನ್ನೂ ವರ್ತಕರನ್ನೂ ಮೈಸೂರಿಗೆ ಕರೆಸಿ, ೧೪೪ ಮಂದಿಯ ಪ್ರಜಾಪ್ರತಿನಿಧಿ ಸಭೆಯ ಮುಂದೆ ರಾಜ್ಯದ ಆದಾಯ ವೆಚ್ಚಗಳನ್ನು ಓದಿಹೇಳಿದರು.

ಆ ಸಭೆಗೆ ಅಧಿಕಾರವೇನಿದ್ದಿತು? ಏನೂ ಇರಲಿಲ್ಲ. ಒಂದು ಕಾಸನ್ನೂ ಅದು ತಡೆಯಲಾರದು. ಕೇಳಬಹುದು, ಅರಿಕೆ ಮಾಡಿಕೊಳ್ಳಬಹುದು, ಹಿಂದಿರುಗಬಹುದು. ಬಂದವರು ಸ್ಥಳೀಯ ಮಂಡಲಿಗಳು ಆರಿಸಿ ಕಳುಹಿದವರೇ ಹೊರತು ಜನರ ಚುನಾವಣೆಯಿಂದ ಬಂದವರಲ್ಲ. ಚುನಾವಣೆಯು ೧೮೯೧ರಲ್ಲಿ ಬಂದಿತು. ಬಂದವರಲ್ಲಿ ಬಡ ಕೂಲಿಕಾರನಿರಲಿಲ್ಲ, ಹೆಂಗಸಿರಲಿಲ್ಲ. ಆದಕಾರಣ ಅದನ್ನು ಹಬ್ಬದ ಮತ್ತೊಂದು ಪ್ರದರ್ಶನವೆಂದು ಹಾಸ್ಯಮಾಡುವುದು ಸುಲಭ. ಆದರೆ ಸಿಂಹಾಸನಕ್ಕೆ ಮಾತ್ರ ಒಪ್ಪಿಸಬೇಕಾದ ಲೆಕ್ಕವನ್ನು ರುಮಾಲು ಸುತ್ತಿದ ರೈತನ ಮುಂದೆ ಓದಿದ ದಿನವೊಂದು ಇತಿಹಾಸದಲ್ಲಿ ಬಂದಮೇಲೆ, ಓದದೆ ಬಿಡುವ ದಿನವನ್ನು ಮರಳಿ ತರುವುದು ಕಷ್ಟ. ಲೆಕ್ಕವನ್ನು ಕೇಳಿದವನು ಇಂದಲ್ಲ ನಾಳೆ ಪ್ರಶ್ನೆ ಕೇಳುವನು. ಪ್ರಶ್ನೆ ಕೇಳಿದವನು ಇಂದಲ್ಲ ನಾಳೆ ಹಕ್ಕನ್ನು ಕೇಳುವನು. ಹಾಗೆಯೇ ಆಯಿತು. ೧೯೨೩ರಲ್ಲಿ, ಹೊಸ ತೆರಿಗೆಯನ್ನು ಹಾಕುವ ಮುನ್ನ ಪ್ರಜಾಪ್ರತಿನಿಧಿ ಸಭೆಯನ್ನು ಕೇಳಬೇಕೆಂಬ ನಿಯಮವೂ, ವೆಚ್ಚದ ಬೇಡಿಕೆಗಳ ಮೇಲೆ ಮತ ಕೊಡುವ ಅಧಿಕಾರವು ನ್ಯಾಯವಿಧಾಯಕ ಸಭೆಗೆ ಸಲ್ಲುವ ನಿಯಮವೂ ಬಂದುವು. ಪೊಗದಿಯಲ್ಲಿ ಏರಿಸಿದ್ದ ೧೦ ½ ಲಕ್ಷವು ೧೯೨೮ರಲ್ಲಿ ಇಳಿಯಿತು.

೧೯೪೭ರಲ್ಲಿ ಇಡೀ ಭಾರತವೇ ೧೮೮೧ರ ಮೈಸೂರಿನಂತೆ ತನ್ನ ಬೊಕ್ಕಸದ ಮುಂದೆ ಬಂದು ನಿಂತಿತು. ಇಲ್ಲಿ ಕ್ಷಾಮದ ಸಾಲ. ಅಲ್ಲಿ ದೇಶ ಒಡೆದ ಗಾಯ. ಸ್ವತಂತ್ರ ದೇಶದ ಮೊದಲ ಮುಂಗಡ ಪತ್ರವನ್ನು ಆರ್. ಕೆ. ಷಣ್ಮುಖಂ ಚೆಟ್ಟಿಯವರು ೧೯೪೭ರ ನವೆಂಬರ್ ೨೬ರಂದು ಮಂಡಿಸಿದರು. ಏಳೂವರೆ ತಿಂಗಳ ಆ ಲೆಕ್ಕದಲ್ಲಿ ಆದಾಯವು ೧೭೧.೧೫ ಕೋಟಿ; ವೆಚ್ಚವು ೧೯೭.೩೯ ಕೋಟಿ, ಅದರಲ್ಲಿ ೯೨.೭೪ ಕೋಟಿ ರಕ್ಷಣೆಗೇ ಮೀಸಲು. ನಿರಾಶ್ರಿತರಿಗೆ ನೆರಳು, ಹಸಿದವರಿಗೆ ಧಾನ್ಯ, ಇವುಗಳಿಗೂ ಅದರಲ್ಲಿಯೇ ಒದಗಬೇಕು. ಕೊರತೆಯ ಮುಂಗಡ ಪತ್ರವೇ ಸ್ವಾತಂತ್ರ್ಯದ ಮೊದಲ ಮುಂಗಡ ಪತ್ರವಾಯಿತು. ಆದರೆ ಅದನ್ನು ಮಂಡಿಸಿದುದು ಲಂಡನ್ನಿಗೆ ಉತ್ತರ ಹೇಳುವ ಸರ್ಕಾರವಲ್ಲ. ೧೯೫೦ರ ಸಂವಿಧಾನವು ಈ ಭಾವವನ್ನು ಕಲ್ಲಿನಲ್ಲಿ ಕೆತ್ತಿದಂತೆ ನಿಲ್ಲಿಸಿತು: ಶಾಸನದ ಅಧಿಕಾರವಿಲ್ಲದೆ ಯಾವ ತೆರಿಗೆಯೂ ಇಲ್ಲ, ಶಾಸನಸಭೆಯ ಒಪ್ಪಿಗೆಯಿಲ್ಲದೆ ಸಂಚಿತ ನಿಧಿಯಿಂದ ಹಣವು ಹೊರಡುವಂತಿಲ್ಲ, ಲೆಕ್ಕವನ್ನು ತನಿಖೆ ಮಾಡುವವನು ಮಂತ್ರಿಗಳ ಆಳಲ್ಲ. ಪಾಳೆಯಗಾರನ ಕುದುರೆಯ ತೆರಿಗೆಯು ಇಂತಹ ಏರಿಯನ್ನು ದಾಟಿ ಬರಲಾರದು.

ಅದೇ ೧೯೫೦ರ ಏಪ್ರಿಲ್ ೧ರಂದು ಮೈಸೂರಿನ ಬೊಕ್ಕಸವು ಭಾರತದ ಬೊಕ್ಕಸದೊಡನೆ ಕಾಲುವೆ ಕೂಡಿಸಿಕೊಂಡಿತು. ರೈಲ್ವೆಯೂ ಆದಾಯದ ತೆರಿಗೆಯೂ ಕೇಂದ್ರಕ್ಕೆ ಹೋದುವು. ಅದರಿಂದ ಸಂಸ್ಥಾನಗಳಿಗಾದ ನಷ್ಟವನ್ನು ಕೆಲವು ಕಾಲ ತುಂಬಿಕೊಡುವುದೆಂದು ಒಪ್ಪಂದವಾಯಿತು. ದೊಡ್ಡ ಕೆರೆಯಿಂದ ಸಣ್ಣ ಕೆರೆಗಳಿಗೆ ನೀರು ಬಿಡುವ ಪ್ರಮಾಣವನ್ನು ಹೇಳಲು ೧೯೫೧ರಲ್ಲಿ ಕೆ. ಸಿ. ನಿಯೋಗಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಹಣಕಾಸು ಆಯೋಗವು ನೇಮಕವಾಯಿತು. ಈ ತೂಬಿನ ಬಳಿಯ ವಾದವು ಅಂದಿಗೇ ಮುಗಿಯಲಿಲ್ಲ. ಹದಿನಾಲ್ಕನೆಯ ಆಯೋಗವು ಕರ್ಣಾಟಕಕ್ಕೆ ಹೇಳಿದ್ದ ನೂರಕ್ಕೆ ೪.೭೧೩ರ ಪಾಲು ಹದಿನೈದನೆಯ ಆಯೋಗದಲ್ಲಿ ೩.೬೪೭ಕ್ಕೆ ಇಳಿದಾಗ ನಾಡಿನಲ್ಲಿ ಎದ್ದ ಮಾತು ಸಣ್ಣದಲ್ಲ. ಹೆಚ್ಚು ತುಂಬಿದವನಿಗೆ ಹೆಚ್ಚು ಸಲ್ಲಬೇಕೆ, ಹೆಚ್ಚು ಒಣಗಿದವನಿಗೆ ಹೆಚ್ಚು ಸಲ್ಲಬೇಕೆ ಎಂಬುದು ಸುಲಭವಾಗಿ ತೀರುವ ವ್ಯಾಜ್ಯವಲ್ಲ. ಒಣಗಿದ ಶಿರಾ ಸೀಮೆಯವನು ಇದನ್ನು ಎರಡು ಕಡೆಯಿಂದಲೂ ಬಲ್ಲನು. ಏಕೆಂದರೆ ಗೊರೂರಿನ ಬಳಿ ಕಟ್ಟೆಯೊಳಗೆ ನಿಂತ ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಕಳ್ಳಂಬೆಳ್ಳದ ಕೆರೆಗೂ ಶಿರಾ ಕೆರೆಗೂ ಬಂದಿರುವುದು ಬೇರೆ ಜಿಲ್ಲೆಯ ಮಳೆಯಿಂದ, ಎಲ್ಲರ ಹಣದಿಂದ.

ಕಳ್ಳಂಬೆಳ್ಳದ ಹೆಸರಿನಲ್ಲಿ ೨೦೦೮ರ ಕ್ಷೇತ್ರ ವಿಂಗಡಣೆಯವರೆಗೆ ಒಂದು ವಿಧಾನಸಭಾ ಕ್ಷೇತ್ರವೇ ಇದ್ದಿತು. ಒಂದಾನೊಂದು ಕಾಲಕ್ಕೆ ಸುಬೆಯ ಕಚೇರಿಗೆ ಕೈಕಟ್ಟಿ ತೆತ್ತ ಸೀಮೆಯು, ರಾಜ್ಯದ ಮುಂಗಡ ಪತ್ರಕ್ಕೆ ಮತ ಕೊಡುವವನನ್ನು ತಾನೇ ಆರಿಸಿ ಕಳುಹಿತು. ವಂಶಪಾರಂಪರ್ಯದ ಪಟೇಲಿಕೆ ಶಾನುಭೋಗಿಕೆಗಳನ್ನು ೧೯೬೧ರ ಶಾಸನವು ತೆಗೆಯಿತು. ಆದರೆ ಹಳೆಯ ಮಾತೊಂದು ಉಳಿಯಿತು: ಜಮಾಬಂದಿ. ಹಿಂದೆ ಜಮಾಬಂದಿಯೆಂದರೆ ಅಮಲ್ದಾರನು ಬಂದು ಕುಳಿತು, ಶಾನುಭೋಗನು ಕಡತ ಬಿಚ್ಚಿ, ರೈತನು ಎದ್ದು ನಿಂತು ತನ್ನ ಬಾಕಿಗೆ ಉತ್ತರ ಹೇಳುವ ದಿನ. ಈಗ ಕರ್ಣಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ನಡೆಯಬೇಕಾದ ಜಮಾಬಂದಿಯಲ್ಲಿ ಪಂಚಾಯಿತಿಯು ತನ್ನ ಕಡತವನ್ನು ಜನರ ಮುಂದೆ ಬಿಚ್ಚಬೇಕು. ಕಾಮಗಾರಿಗೆ ಬಿದ್ದ ಹಣವನ್ನು ಕೊಟ್ಟವರೇ ನೋಡಿ ಪ್ರಶ್ನಿಸಬಹುದು. ಮಾತು ಅದೇ, ಎದ್ದು ನಿಲ್ಲುವವನು ಬೇರೆ. ಎರಡು ಶತಮಾನಗಳ ದಾರಿಯೆಲ್ಲ ಈ ಒಂದು ಪದದ ತಿರುವಿನಲ್ಲಿ ಅಡಗಿದೆ.

ತಿರುವಿಗೆ ಅರ್ಥ ಬರುವುದು ಮಾತ್ರ ಜನರು ಬಂದಾಗ. ಖಾಲಿ ಜಗಲಿಯ ಮುಂದೆ ಓದಿದ ಲೆಕ್ಕವು, ಹೂಳು ತುಂಬಿದ ಕೆರೆಯಂತೆ, ಹೆಸರಿಗೆ ಮಾತ್ರ ಕೆರೆ. ಏರಿಯನ್ನು ಕಟ್ಟಿದವರು ಕಟ್ಟಿ ಹೋದರು. ಅದರ ಮೇಲೆ ಮುಳ್ಳು ಬೆಳೆಯದಂತೆ ವರ್ಷ ವರ್ಷವೂ ನೋಡಿಕೊಳ್ಳುವ ಕೆಲಸವು ಅಚ್ಚುಕಟ್ಟಿನ ಕೊನೆಯ ಗದ್ದೆಯವನಿಗೇ ಬಿಟ್ಟುದು. ನೀರು ಮೊದಲು ತಪ್ಪುವುದು ಅವನಿಗೆ. ಆದಕಾರಣ ತೂಬಿನ ಬಳಿಗೆ ಮೊದಲು ಬರಬೇಕಾದವನೂ ಅವನೇ.