ಹಿಂದಿನ ಆಸನದಲ್ಲಿ ಕುಳಿತವನು

2024ರ ಆಗಸ್ಟ್ 9, ಶುಕ್ರವಾರ. ಮಗರಿಬ್ ನಮಾಜಿನ ನಂತರ ಮಕ್ತಬಿನ ಪಾಠ ಮುಗಿಸಿ ನಾವು ಕಿತಾಬುಗಳನ್ನು ಜೋಡಿಸಿಡುತ್ತಿದ್ದೆವು. ಮಕ್ಕಳೆಲ್ಲ ಮನೆಗೆ ಹೊರಟರೂ ನಮ್ಮ ತಮ್ಮನ ಮಗನೊಬ್ಬನು ತಾಯಿಯ ಮೊಬೈಲ್ ಹಿಡಿದು ಬಾಗಿಲಲ್ಲಿಯೇ ನಿಂತಿದ್ದನು. "ಬಡೇ ಅಬ್ಬಾ, ಇದೊಂದು ದೋಣಿ ಪಂದ್ಯ ನೋಡ್ರಿ, ಎರಡು ನಿಮಿಷವೂ ಇಲ್ಲ" ಎಂದನು.

ಅವನ ತಂದೆಯೊಡನೆ ನಮಗೆ ಎರಡು ವರ್ಷಗಳಿಂದ ಈದ್ ದಿನದ ಸಲಾಮಿನ ಹೊರತು ಬೇರೆ ಮಾತಿರಲಿಲ್ಲ. ಮುಸ್ಲಿಮನು ತನ್ನ ಸಹೋದರನೊಡನೆ ಮೂರು ದಿನಗಳಿಗಿಂತ ಹೆಚ್ಚು ಮಾತು ಬಿಟ್ಟಿರಬಾರದೆಂಬ ಹದೀಸನ್ನು ಅದೇ ಹುಡುಗನಿಗೆ ಬಾಯಿಪಾಠ ಮಾಡಿಸಿದವರು ನಾವೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದಿದ್ದರೆ ಈ ಲೇಖನಕ್ಕೆ ಅರ್ಥವಿಲ್ಲ.

ಅದು ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಜೋಡಿ ಕಯಾಕ್ 500 ಮೀಟರ್ ಅಂತಿಮ ಸ್ಪರ್ಧೆ. ಆರೂವರೆ ಮೀಟರ್‌ಗೆ ಮೀರದ ಉದ್ದದ, ಹದಿನೆಂಟು ಕಿಲೋವರೆಗೂ ಹಗುರವಾಗಿರಬಹುದಾದ ದೋಣಿ. ಒಬ್ಬನ ಹಿಂದೆ ಒಬ್ಬನಂತೆ ಇಬ್ಬರು ಮುಂದಕ್ಕೆ ಮುಖ ಮಾಡಿ ಕುಳಿತು, ಎರಡೂ ತುದಿಗಳಲ್ಲಿ ಅಲಗುಳ್ಳ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತಾರೆ. ಜರ್ಮನಿಯ ಯಾಕೋಬ್ ಶೋಪ್ಫ್ ಮತ್ತು ಮ್ಯಾಕ್ಸ್ ಲೆಮ್ಕೆ ಒಂದೂವರೆ ನಿಮಿಷದೊಳಗೆ ಗುರಿ ಮುಟ್ಟಿ ಚಿನ್ನ ಗೆದ್ದರು. ಹಂಗೇರಿಯ ಜೋಡಿ ಎರಡನೆಯದು. 2021ರಲ್ಲಿ ಟೋಕಿಯೋದಲ್ಲಿ 1000 ಮೀಟರ್ ಚಿನ್ನ ಗೆದ್ದಿದ್ದ ಆಸ್ಟ್ರೇಲಿಯಾದ ಜೋಡಿ ಮೂರನೆಯದು. ಮೂರೂ ದೋಣಿಗಳ ನಡುವಿನ ಅಂತರ ಒಂದು ಸೆಕೆಂಡಿಗೂ ಕಡಿಮೆ.

"ನಮ್ಮ ದೇಶದವರು ಇಲ್ಲವೇ?" ಎಂದು ಕೇಳಿದೆವು. ಇಲ್ಲವೆಂದನು. ಆದರೆ ಇದರ ಸಮೀಪದ ಸ್ಪರ್ಧೆಯೊಂದರಲ್ಲಿ ನಮ್ಮವರೂ ಪದಕ ಕಂಡಿದ್ದಾರೆ. ಮೊಣಕಾಲೂರಿ ಒಂದೇ ಅಲಗಿನ ಹುಟ್ಟು ಹಾಕುವ ಜೋಡಿ ಕೆನೋ 1000 ಮೀಟರ್‌ನಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ 2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕಂಚು ಗೆದ್ದರು. ಅದಕ್ಕೆ ಮೊದಲು ಇದೇ ಸ್ಪರ್ಧೆಯ ಕಂಚು ಭಾರತಕ್ಕೆ ಬಂದದ್ದು 1994ರ ಹಿರೋಷಿಮಾದಲ್ಲಿ. ಸುನಿಲ್ ಮಣಿಪುರದ ಲೋಕ್‌ತಾಕ್ ಸರೋವರದ ಮೀನುಗಾರರ ಮನೆಯ ಮಗ.

ಹುಡುಗನು ಪಂದ್ಯವನ್ನು ಮತ್ತೊಮ್ಮೆ ಹಚ್ಚಿ ಕೇಳಿದನು: "ಬಡೇ ಅಬ್ಬಾ, ಪದಕ ಮುಂದೆ ಕುಳಿತವನಿಗೋ, ಹಿಂದೆ ಕುಳಿತವನಿಗೋ?"

"ಇಬ್ಬರಿಗೂ" ಎಂದೆವು.

"ಹಾಗಾದರೆ ಹಿಂದಿನವನು ಯಾಕೆ ಕಾಣಿಸುವುದೇ ಇಲ್ಲ?"

ಆ ಪ್ರಶ್ನೆಗೆ ನಮ್ಮಲ್ಲಿ ತಕ್ಷಣದ ಉತ್ತರವಿರಲಿಲ್ಲ. ಆ ರಾತ್ರಿ ಈ ಕ್ರೀಡೆಯ ಬಗ್ಗೆ ಓದಿದೆವು. ಮುಂದೆ ಕುಳಿತವನು ಪಾದಗಳಿಂದ ಚುಕ್ಕಾಣಿಯನ್ನು ಹೊರಳಿಸಿ ದಾರಿ ಹಿಡಿಯುತ್ತಾನೆ. ಹುಟ್ಟಿನ ಲಯವನ್ನು ಗೊತ್ತುಮಾಡುವವನೂ ಅವನೇ. ಹಿಂದಿನವನಿಗೆ ಕಾಣುವುದು ಮುಂದಿನವನ ಬೆನ್ನು ಮಾತ್ರ. ಅವನ ಹುಟ್ಟು ನೀರಿಗಿಳಿದ ಕ್ಷಣದಲ್ಲಿಯೇ ತನ್ನದೂ ಇಳಿಯಬೇಕು. ಎಷ್ಟೇ ಬಲವಿದ್ದರೂ ಅವನಿಗಿಂತ ಮೊದಲು ಇಳಿಸುವಂತಿಲ್ಲ. ಇಳಿಸಿದರೆ ದೋಣಿ ತೂಗಾಡಿ ವೇಗ ಕಳೆದುಕೊಳ್ಳುತ್ತದೆ. ಇತ್ತ ಮುಂದಿನವನು ತಿರುಗಿ ನೋಡುವಂತಿಲ್ಲ. ಹಿಂದಿನವನ ದಣಿವನ್ನು ಅವನು ದೋಣಿಯ ಅದುರಿನಿಂದಲೇ ಅರಿತು, ಇಬ್ಬರೂ ತಾಳಬಲ್ಲ ಲಯವನ್ನೇ ಹಿಡಿಯಬೇಕು.

ಓದುತ್ತಿದ್ದಂತೆ ನಮಗೆ ಜಮಾಅತ್ ನಮಾಜಿನ ಸಫ್ ನೆನಪಾಯಿತು. ಇಮಾಮನಿಗಿಂತ ಮೊದಲು ತಲೆಯೆತ್ತುವವನಿಗೆ ಪ್ರವಾದಿ(ಸ)ರು ಕಠಿಣ ಎಚ್ಚರಿಕೆ ನೀಡಿರುವುದನ್ನು ನಾವು ಎಷ್ಟೋ ಸಲ ಬೋಧಿಸಿದ್ದೇವೆ. ಆದರೆ ಅದರ ಇನ್ನೊಂದು ಮಗ್ಗುಲನ್ನು ಅಷ್ಟೇ ದನಿಯಲ್ಲಿ ಹೇಳಿದ್ದುಂಟೇ? ನಮಾಜನ್ನು ಅತಿಯಾಗಿ ದೀರ್ಘಗೊಳಿಸಿದ ಮುಆಝ್(ರ)ರನ್ನು ಪ್ರವಾದಿ(ಸ)ರು ಗದರಿಸಿದ್ದರು. ಸಫ್‌ನಲ್ಲಿ ಮಗುವಿನ ಅಳು ಕೇಳಿದರೆ, ತಾಯಿಯ ಸಂಕಟವನ್ನು ನೆನೆದು ಸ್ವತಃ ಅವರೇ ನಮಾಜನ್ನು ಚುಟುಕಾಗಿಸುತ್ತಿದ್ದರು. ಇಮಾಮನೂ ತಿರುಗಿ ನೋಡುವುದಿಲ್ಲ. ಆದರೆ ಹಿಂದಿನವರನ್ನು ಅರಿಯದವನು ಮುಂದೆ ನಿಲ್ಲಲು ಯೋಗ್ಯನಲ್ಲ.

ನಾವು ಅರಿತಿರಲಿಲ್ಲ. ತಂದೆಯವರು ತಂಬಾಕಿನ ವಖಾರಿಯಲ್ಲಿ ಹಮಾಲರಾಗಿದ್ದರು, ತಾಯಿ ಬೀಡಿ ಕಟ್ಟುತ್ತಿದ್ದರು. ನಾವು ಮದ್ರಸಾಕ್ಕೆ ಹೋದೆವು, ಬಳಿಕ ಕನ್ನಡದಲ್ಲಿ ಬಿ.ಎ. ಮಾಡಿದೆವು. ತಮ್ಮನು ಎಂಟನೆಯ ತರಗತಿಗೆ ಶಾಲೆ ಬಿಟ್ಟು ಅದೇ ವಖಾರಿಯ ಘಾಟಿನಲ್ಲಿ ಕೆಮ್ಮುತ್ತ ದುಡಿದನು. ನಮ್ಮ ಪುಸ್ತಕಗಳ ಹಣ ಅಲ್ಲಿಂದಲೇ ಬಂದದ್ದು.

2019ರ ಆಗಸ್ಟ್‌ನಲ್ಲಿ ವೇದಗಂಗೆ ಉಕ್ಕಿ ಯಮಗರ್ಣಿಯ ಬಳಿ ಹೆದ್ದಾರಿಯೇ ಮುಳುಗಿದಾಗ, ಮಸೀದಿಯ ಮೈಕಿನಲ್ಲಿ ರೊಟ್ಟಿ, ಬಟ್ಟೆ ಕೊಡಿರೆಂದು ಕರೆ ಕೊಟ್ಟವರು ನಾವು. ರಾತ್ರಿಯಿಡೀ ಮಳೆಯಲ್ಲಿ ಟೆಂಪೋಗಳಿಗೆ ಮೂಟೆ ಹೇರಿದವನು ಅವನು. ಜನರು ಶಾಲು ಹೊದಿಸಿದ್ದು ನಮಗೆ. ನಾವು ಅದನ್ನು ಹೊದ್ದುಕೊಂಡೆವು.

ತಂದೆಯವರ ನಂತರ ಹಳೆಯ ಮನೆಯ ಪಾಲಿನ ದಿನ ಹಿರಿಯರೆಲ್ಲ ಕುಳಿತಿದ್ದರು. ಮಾತಿಗೆ ಮಾತು ಬೆಳೆದು, "ಈ ಮನೆಯನ್ನು ನಡೆಸಿದವರು ನಾವು" ಎಂದುಬಿಟ್ಟೆವು. ತಮ್ಮನು ಏನೂ ಹೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟುಹೋದನು. ಆ ದಿನದಿಂದ ಅವನ ಮೌನವನ್ನು ಹಟವೆಂದೇ ಬಗೆದಿದ್ದೆವು.

ಮರುದಿನ ಇಶಾ ನಂತರ ಅವನ ಮನೆಗೆ ಹೋದೆವು. ಬಾಗಿಲು ತೆರೆದವನು ಕ್ಷಣಕಾಲ ನಮ್ಮನ್ನೇ ನೋಡಿ, "ಭಾಯ್, ಒಳಗೆ ಬರ್ರಿ" ಎಂದನು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಗಂಟಲಲ್ಲಿಯೇ ನಿಂತವು. "ಮನೆ ನಡೆಸಿದವನು ನೀನು. ನಾವು ಸುಳ್ಳು ಹೇಳಿದೆವು" ಎಂದಷ್ಟೇ ಹೇಳಲಾಯಿತು. ಅವನು ತಲೆ ತಗ್ಗಿಸಿ ಬಹಳ ಹೊತ್ತು ಕುಳಿತಿದ್ದು, "ಅದನ್ನು ನೀವು ಎಲ್ಲರೆದುರು ಹೇಳಿದ್ದಿರಿ ಭಾಯ್" ಎಂದನು. ಅದರಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಮುಂದಿನ ಶುಕ್ರವಾರ ಜುಮಾ ಮುಗಿದ ಮೇಲೆ ಅದೇ ಹಿರಿಯರನ್ನು ಕೂರಿಸಿ, ಅವರೆದುರಿನಲ್ಲಿಯೇ ಆ ಮಾತನ್ನು ಹಿಂದಕ್ಕೆ ಪಡೆದೆವು. ಎಲ್ಲವೂ ಮೊದಲಿನಂತಾಯಿತೆಂದು ಹೇಳಲಾರೆವು. ಆದರೆ ಅಂದು ಸಂಜೆ ಮಗನನ್ನು ಕರೆದೊಯ್ಯಲು ಅವನೇ ಮಕ್ತಬಿನ ಬಾಗಿಲಿಗೆ ಬಂದನು.

ಪ್ರಿಯ ಓದುಗರೇ, ನಿಮ್ಮ ಮನೆಯ ದೋಣಿಯಲ್ಲಿಯೂ ಹಿಂದಿನ ಆಸನದಲ್ಲೊಬ್ಬರು ಇರಬಹುದು: ಓದು ಬಿಟ್ಟ ತಮ್ಮ, ಬೀಡಿ ಕಟ್ಟಿದ ತಾಯಿ, ದೂರದೂರಿನಿಂದ ಹಣ ಕಳಿಸಿದ ಅಕ್ಕ. ನೀವು ಮುಂದೆ ಕುಳಿತಿದ್ದರೆ ಅವರು ಕಣ್ಣಿಗೆ ಬೀಳುವುದಿಲ್ಲ. ಈದ್ ಬರಲೆಂದು ಕಾಯಬೇಡಿರಿ. ಇಂದೇ ಹೋಗಿ ಅವರ ಬಾಗಿಲು ತಟ್ಟಿರಿ. ಮೊದಲು ಸಲಾಮ್ ಹೇಳುವವನೇ ಇಬ್ಬರಲ್ಲಿ ಉತ್ತಮನೆಂದು ನಮಗೆ ಕಲಿಸಲಾಗಿದೆ. ಕಲಿತದ್ದನ್ನು ನಡೆಸುವ ತೌಫೀಕನ್ನು ಅಲ್ಲಾಹನು ನಮಗೂ ನಿಮಗೂ ದಯಪಾಲಿಸಲಿ. ಆಮೀನ್.