2050ಕ್ಕೆ ಕ್ವಾಲಿಸ್ ಬೆಲೆ ಎಷ್ಟು?

ಐಮಂಗಲದ ಹೈವೇ ಪಕ್ಕ ಟೀ ಹಿಡ್ಕೊಂಡು ನಿಂತಿದ್ದೆ. ಹೊಚ್ಚ ಹೊಸ ಎಸ್‌ಯುವಿಗಳು ಚಿತ್ರದುರ್ಗದ ಕಡೆ ಸುಯ್ ಅಂತ ಹೋಗ್ತಿದ್ವು. ನಡುವೆ ಒಂದು ಹಳೇ ಕ್ವಾಲಿಸ್, ಬಾನೆಟ್ ಬಣ್ಣ ಬಿಸಿಲಿಗೆ ಬೆಳ್ಳಗಾಗಿದೆ, ಕ್ಯಾರಿಯರ್ ಮೇಲೆ ಈರುಳ್ಳಿ ಚೀಲ. ಕಣ್ಣು ಅದರ ಹಿಂದೆಯೇ ಹೋಯ್ತು.

ನಮ್ಮ ಕಾಲದ ಯಾವ ಕಾರನ್ನ ಮುಂದೆ ಜನ ಹುಡುಕ್ಕೊಂಡು ಬರ್ತಾರೆ? 2021ರ ಕೇಂದ್ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪ ಉಳಿಸ್ಕೊಂಡಿದ್ರೆ ಮಾತ್ರ ಗಾಡಿ ‘ವಿಂಟೇಜ್’. ನಂಬರ್ ಪ್ಲೇಟಲ್ಲಿ ‘ವಿಎ’ ಅಂತ ಬರುತ್ತೆ. ಬಿಡದಿಯಲ್ಲಿ ತಯಾರಾದ ಮೊದಲ ಕ್ವಾಲಿಸ್‌ಗಳಿಗೆ ಆ ಯೋಗ 2050ಕ್ಕೆ. ಆದರೆ ಮದುವೆ ದಿಬ್ಬಣ, ಧರ್ಮಸ್ಥಳ ಟ್ರಿಪ್ಪು, ಟ್ಯಾಕ್ಸಿ ಬಾಡಿಗೆ ಅಂತ ದುಡಿದು ಸವೆದ ಗಾಡಿಗಳಲ್ಲಿ ಮೂಲ ರೂಪದಲ್ಲಿ ಉಳಿಯೋದು ಎಷ್ಟು? ಉಳಿದಿದ್ದೇ ಚಿನ್ನ.

ನನ್ನ ಇನ್ನೊಂದು ಓಟು ರೇವಾಗೆ. 2001ರಲ್ಲಿ ಬೆಂಗಳೂರಿನಿಂದ ಬಂದ ಎರಡು ಬಾಗಿಲಿನ ಪುಟಾಣಿ ಎಲೆಕ್ಟ್ರಿಕ್ ಕಾರು. ಫುಲ್ ಚಾರ್ಜಿಗೆ ಸುಮಾರು 80 ಕಿ.ಮೀ.; ಐಮಂಗಲ ಮುಟ್ಟೋದು ಕನಸೇ. ನಕ್ಕವರು ಜಾಸ್ತಿ, ಕೊಂಡವರು ಕಮ್ಮಿ. ಅಪರೂಪ ಆಗೋದು ಹೀಗೇ.

ಈಗಿನ ಟಚ್‌ಸ್ಕ್ರೀನ್ ಕಾರುಗಳ ಬಗ್ಗೆಯೇ ನಂಗೆ ಅನುಮಾನ. ಐವತ್ತು ವರ್ಷ ಆದ್ಮೇಲೆ ಎಂಜಿನ್ ಸ್ಟಾರ್ಟ್ ಆಗಬಹುದು, ಸಾಫ್ಟ್‌ವೇರ್ ಎಲ್ಲಿಂದ ತರೋದು? ಕ್ವಾಲಿಸ್ ಆದ್ರೆ ಸ್ಪ್ಯಾನರ್ ಹಿಡಿದ ಮೇಸ್ತ್ರಿ ಸಾಕು.

ನಿಮ್ಮ ಮನೆ ಶೆಡ್ಡಲ್ಲಿ ಏನಿದೆ? ಗುಜರಿಗೆ ಹಾಕೋ ಮುಂಚೆ ಒಂದ್ಸಲ ಯೋಚ್ನೆ ಮಾಡಿ.